ಕೇಳಂಗಿಲ್ರಿ

ಶಿವಶರಣನ ಕಿವಿಯ ಮೆಷಿನ್ನು ಬಕೆಟ್ಟಿಗೆ ಬಿದ್ದದ್ದು ಸರಿಯಾಗಿ ಆವತ್ತೇ ಬೆಳಿಗ್ಗೆ. ಬೀಳಲೇಬೇಕೆಂದಿದ್ದರೆ ವರ್ಷದಲ್ಲಿ ಬೇರೆ ದಿನಗಳೇ ಇರಲಿಲ್ಲವೇ? ಕಗ್ಗದಾಸಪುರದ ವಠಾರದ ನಲ್ಲಿಯ ಮುಂದೆ ಬಗ್ಗಿ ಮುಖ ತೊಳೆಯುತ್ತಿದ್ದ. ಎಡಗಿವಿಯ ಹಿಂದೆ ಕೂತಿದ್ದ ಮೆಷಿನ್ನು ಜಾರಿ ಪುಳಕ್ಕೆಂದು ಮುಳುಗಿತು. ಆ ಸದ್ದು ಅವನೊಬ್ಬನನ್ನು ಬಿಟ್ಟು ಇಡೀ ವಠಾರಕ್ಕೆ ಕೇಳಿಸಿತು.

ಮೊದಲು ಓಡಿಬಂದವಳು ಪಕ್ಕದ ಕೋಣೆಯ ಭೀಮಬಾಯಿ. ಅವಳೂ ಅವನಂತೆ ಕಲಬುರಗಿ ಕಡೆಯವಳು. ಮೆಷಿನ್ನನ್ನು ಸೆರಗಿನಲ್ಲಿ ಒರೆಸಿ, "ಅಕ್ಕಿ ಡಬ್ಬ್ಯಾಗ ಇಟ್ರ ನೀರೆಲ್ಲ ಹೀರ್ತದ, ನೀ ಚಿಂತಿ ಮಾಡಬ್ಯಾಡ" ಎಂದು ಒಯ್ದಳು. ಅರ್ಧ ಗಂಟೆಯ ನಂತರ ಅದನ್ನು ತಂದುಕೊಟ್ಟಾಗ ನೀರೇನೋ ಹೋಗಿತ್ತು, ಆದರೆ ಕಿವಿಗೆ ಸಿಕ್ಕಿಸುವ ನಳಿಕೆಯೊಳಗೆ ಒಂದು ಅಕ್ಕಿಕಾಳು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಶಿವಶರಣ ಹುಟ್ಟು ಕಿವುಡನಲ್ಲ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರಿಗಿರುವವರ ತುಟಿ ಓದುವುದನ್ನು ತಾನೇ ಕಲಿತಿದ್ದ. ಹಾಗೆ ತುಟಿ ಓದಿಕೊಂಡೇ ಎಂ.ಎ. ಎರಡನೇ ವರ್ಷದವರೆಗೆ ಬಂದಿದ್ದ. ಆದರೆ ಬೋರ್ಡಿನ ಕಡೆ ತಿರುಗಿದ ಮೇಷ್ಟ್ರ ಬೆನ್ನಿಗೆ ತುಟಿಯಿರುವುದಿಲ್ಲ. ಅಂಗವಿಕಲ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆಂದು ಒಂದು ಅನುದಾನವಿತ್ತು. ಅದು ಸಿಕ್ಕರೆ ಹೊಸ ಮೆಷಿನ್ನು, ತರಗತಿಯಲ್ಲಿ ಪಕ್ಕದಲ್ಲಿ ಕೂತು ಪಾಠ ಬರೆದುಕೊಡುವವರೊಬ್ಬರು. ಸಿಗದಿದ್ದರೆ ಓದಿಗೆ ಎಳ್ಳುನೀರು ಬಿಟ್ಟ ಹಾಗೇ.

ಕಳೆದ ವರ್ಷ ಸಿಕ್ಕಿರಲಿಲ್ಲ. ಪರಿಶೀಲನೆಗೆ ಕರೆದ ಅಧಿಕಾರಿಯ ತುಟಿ ಓದಿ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟಿದ್ದ ಪೆದ್ದ. 'ಅಭ್ಯರ್ಥಿಗೆ ಮಾತು ಚೆನ್ನಾಗಿ ತಿಳಿಯುತ್ತದೆ, ಅರ್ಹನಲ್ಲ' ಎಂದು ಬರೆದು ಕಳಿಸಿದ್ದರು. ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟಿನಲ್ಲಿ ಬೇಕಾದಷ್ಟಕ್ಕಿಂತ ಹೆಚ್ಚೇ ಕಿವುಡಿದ್ದರೂ ಅದನ್ನು ಕೇಳುವ ಕಿವಿ ಆ ಕಚೇರಿಯಲ್ಲಿರಲಿಲ್ಲ. ಈ ವರ್ಷದ ಪರಿಶೀಲನೆ ಆವತ್ತೇ ಇತ್ತು.

"ಮೆಷಿನ್ ಕೆಟ್ಟಿದ್ದು ಒಳ್ಳೇದೇ ಆಯ್ತು ಕಣೋ ಶಿವು!" ಎಂದ ಮನೆ ಮಾಲೀಕ ಕೆಂಪರಾಜ್, ಅವನ ಮುಖದ ಮುಂದೆ ಬಾಯಿ ತಂದು. ಯಾರ ಕಷ್ಟಕ್ಕೂ ಕರೆಯದೆ ಬರುವ ಮನುಷ್ಯ. ಬಂದಮೇಲೆ ಕಷ್ಟವಾದರೂ ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ. "ಹೋದ್ಸಲ ಬಾಯಿಬಿಟ್ಟು ಕೆಟ್ಟೆ. ಈ ಸಲ ಅವ್ರು ಏನೇ ಅಂದ್ರೂ ಒಂದೇ ಮಾತು. ಕಿವಿ ಕೇಳಲ್ಲ ಅನ್ಬೇಕು, ಅಷ್ಟೇ. ಇನ್ನೊಂದು ಮಾತಾಡಿದ್ಯೋ, ನಾನು ಸುಮ್ನಿರಲ್ಲ. ನಡಿ, ನಾನೇ ಬರ್ತೀನಿ."

"ನೀವ್ಯಾಕ ತ್ರಾಸ್ ತಗೋತೀರಿ ಅಣ್ಣಾರ..." ಎನ್ನುವಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಆಗಿತ್ತು.

ಬೈಯಪ್ಪನಹಳ್ಳಿ ದಾಟಿ ಹಲಸೂರಿಗೆ ಬರುವವರೆಗೂ ಕೆಂಪರಾಜ್ ಉಪದೇಶ ಮಾಡುತ್ತಲೇ ಇದ್ದ. ಹಿಂದೆ ಕೂತವನು ತುಟಿ ನೋಡಬೇಕಲ್ಲ ಎಂಬ ಕಾಳಜಿಯಿಂದ ಪ್ರತಿ ಮಾತಿಗೂ ಕತ್ತು ಪೂರಾ ಹಿಂದಕ್ಕೆ ತಿರುಗಿಸುತ್ತಿದ್ದ. ಎದುರಿಗೆ ಬಿ.ಎಂ.ಟಿ.ಸಿ. ಬಸ್ಸು ಬಂದಾಗಲಂತೂ ಶಿವಶರಣನೇ ಎರಡೂ ಕೈಯಿಂದ ಅವನ ಹೆಲ್ಮೆಟ್ ಹಿಡಿದು ಮುಂದಕ್ಕೆ ತಿರುಗಿಸಬೇಕಾಯಿತು.

ಶಿವಾಜಿನಗರದ ಹಳೇ ಕಟ್ಟಡವೊಂದರ ಮಹಡಿಯಲ್ಲಿ ಕಚೇರಿ. ಅಂಗವಿಕಲರ ಕಚೇರಿಗೆ ಲಿಫ್ಟ್ ಯಾಕೆಂದು ಯಾರೋ ಯೋಚಿಸಿ ಬಿಟ್ಟಿದ್ದರು. ಕುರ್ಚಿಯಿಂದ ಕುರ್ಚಿಗೆ ಜರುಗುತ್ತ ಸರದಿ ಹತ್ತಿರ ಬರುವ ಹೊತ್ತಿಗೆ ಕೆಂಪರಾಜ್‌ಗೆ ಏನೋ ಹೊಳೆಯಿತು. "ಎಲ್ಲಾದಕ್ಕೂ ಒಂದೊಂದು ಜೆರಾಕ್ಸ್ ಇರ್ಲಿ. ಈಗ್ ಬಂದೆ" ಎಂದು, ಸರ್ಟಿಫಿಕೇಟಿದ್ದ ಫೈಲನ್ನೇ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದ. ಅವನು ಹೋದದ್ದೇ ತಡ, ಜವಾನ ಶಿವಶರಣನ ಭುಜ ತಟ್ಟಿ ಒಳಗೆ ಕಳಿಸಿದ.

ಒಳಗೆ ಈ ವರ್ಷ ಹೊಸದಾಗಿ ಬಂದ ಅಧಿಕಾರಿ ಶ್ರೀನಿವಾಸ್, ಪಕ್ಕದಲ್ಲಿ ಕಂಪ್ಯೂಟರ್ ಮುಂದೆ ಫಹ್ಮಿದಾ. ಶ್ರೀನಿವಾಸರಿಗೆ ಧೂಳಿನ ಅಲರ್ಜಿ. ಕಣ್ಣಿನಿಂದ ಗದ್ದದವರೆಗೆ ಮಾಸ್ಕು. ಶಿವಶರಣನಿಗೆ ಕಂಡದ್ದು ಮಾಸ್ಕಿನ ಬಟ್ಟೆ ಒಳಗೆ ಹೊರಗೆ ಆಡಿದ್ದು ಮಾತ್ರ.

"ಯಾವ ಥರ ಅಂಗವಿಕಲತೆ ನಿಮ್ದು?" ಎಂದರು ಶ್ರೀನಿವಾಸ್.

"ನನಗ ಕೇಳಂಗಿಲ್ರಿ" ಎಂದ ಶಿವಶರಣ.

ಅವನ ಊರಿನಲ್ಲಿ ಅದಕ್ಕೆ ಕಿವಿ ಕೇಳಿಸುವುದಿಲ್ಲ ಎಂದರ್ಥ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಶ್ರೀನಿವಾಸರಿಗೆ ಅದು, ನನ್ನನ್ನು ಕೇಳುವ ಹಾಗಿಲ್ಲ ಎಂದು ಕೇಳಿಸಿತು.

"ಕೇಳಂಗಿಲ್ವಾ? ನಾನು ಕೇಳಂಗಿಲ್ವಾ?"

"ಏನೂ ಕೇಳಂಗಿಲ್ರಿ ಸರ್."

"ಅಲ್ರೀ, ಇಲ್ಲಿ ನಾನು ಆಫೀಸರ್ರು!"

ಮಾಸ್ಕು ಜೋರಾಗಿ ಉಬ್ಬಿದ್ದು ನೋಡಿ, ಕೂಗಿದರೆ ಕೇಳೀತೇ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡ ಶಿವಶರಣ. ಎದೆ ಸೆಟೆದು ಹೇಳಿದ: "ನೀವು ಎಷ್ಟು ಒದರಿದ್ರೂ ಕೇಳಂಗಿಲ್ರಿ. ಮುಂದನೂ ಕೇಳಂಗಿಲ್ಲ ಅಂತ ದೊಡ್ಡ ಡಾಕ್ಟರೇ ಹೇಳ್ಯಾರ."

ಶ್ರೀನಿವಾಸರ ಹಣೆ ಬೆವರಿತು. ಕೇಳಬಾರದವರನ್ನು ಕೇಳಿ ಅವರು ಹಿಂದೆ ವರ್ಗಾವಣೆ ತಿಂದಿದ್ದರು. ಈ ಹುಡುಗ ಯಾರ ಕಡೆಯವನೋ? ಯಾವ ದೊಡ್ಡ ಡಾಕ್ಟರೋ? ಎದ್ದು ನಿಂತು ಕುರ್ಚಿ ತೋರಿಸಿದರು. "ಫಹ್ಮಿದಾ, ಇವ್ರನ್ನ ಏನೂ ಕೇಳಂಗಿಲ್ವಂತಮ್ಮಾ. ಅವ್ರು ಹೇಳಿದ್ದನ್ನೇ ಹಾಕಿ ಕಳ್ಸಿಬಿಡಿ. ನಮಗ್ಯಾಕೆ?"

ಫಹ್ಮಿದಾ ಅಚ್ಚುಕಟ್ಟಿನ ಹೆಂಗಸು. ಆಡುಮಾತನ್ನು ಹಾಗೇ ಬರೆಯುವವಳಲ್ಲ. 'ಅನುದಾನ ಕೇಳಲು ಕಾರಣ?' ಎಂದಿದ್ದ ಕಡೆ 'ಕೇಳುವಂತಿಲ್ಲವೆಂದು ಅರ್ಜಿದಾರರ ಹೇಳಿಕೆ' ಎಂದು ಶುದ್ಧ ಕನ್ನಡದಲ್ಲಿ ಒತ್ತಿ, ಕಳಿಸಿಯೂ ಬಿಟ್ಟಳು. ಎಲ್ಲರೂ ಇಷ್ಟು ಮರ್ಯಾದೆಯಿಂದ ನೋಡುವುದನ್ನು ಕಂಡು, ಈ ಸಲ ಕೆಲಸವಾಯಿತೆಂದು ಶಿವಶರಣನಿಗೆ ಕಣ್ಣು ತುಂಬಿಬಂತು.

ಆಗ ಕೆಂಪರಾಜ್ ಏದುಸಿರು ಬಿಡುತ್ತ ನುಗ್ಗಿದ. "ಸಾರ್, ಅವನ್ನ ಏನೂ ಕೇಳ್ಬೇಡಿ!"

"ಇಲ್ಲ ಸ್ವಾಮಿ, ಕೇಳೇ ಇಲ್ಲ" ಎಂದು ಶ್ರೀನಿವಾಸ್ ಕೈಮುಗಿದರು. "ಕೇಳಂಗಿಲ್ಲ ಅಂತ ಅವ್ರೇ ಹೇಳಿದ್ರು."

"ಅಯ್ಯೋ ಸಾರ್, ಅವ್ರ ಕಡೆ ಕಿವಿ ಕೇಳ್ಸಲ್ಲ ಅನ್ನೋಕೆ ಹಂಗನ್ನೋದು! ಕಿವುಡ ಸಾರ್ ಪಾಪ. ತಗೊಳ್ಳಿ ಸರ್ಟಿಫಿಕೇಟು, ಜೆರಾಕ್ಸೂ ಇದೆ."

ಶ್ರೀನಿವಾಸ್ ಫಹ್ಮಿದಾಳನ್ನು ನೋಡಿದರು. ಅವಳು ಪರದೆಯನ್ನು ನೋಡಿದಳು. "ಹೋಗಿಬಿಡ್ತು ಸರ್. ಅನುದಾನ ಕೇಳುವಂತಿಲ್ಲ ಅಂತ ಅವ್ರೇ ಹೇಳ್ದಂಗಾಯ್ತು. ರಿಜೆಕ್ಟೆಡ್ ಅಂತಾನೂ ಬಂತು."

ಶ್ರೀನಿವಾಸ್ ಕೆಟ್ಟವರಲ್ಲ. ನಾಚಿಕೆಯಾಗಿ ಮಾಸ್ಕನ್ನು ಗದ್ದದ ಕೆಳಗೆ ಎಳೆದು, ಶಿವಶರಣನ ಮುಂದೆ ಬಂದು ನಿಧಾನವಾಗಿ ಹೇಳಿದರು. "ನೋಡಪ್ಪಾ, ತಪ್ಪು ನಮ್ದೇ. ಆದ್ರೆ ಒಂದ್ಸಲ ಹೋದ್ಮೇಲೆ ತಿದ್ದಂಗಿಲ್ಲ."

ಶಿವಶರಣನ ಕನ್ನಡದಲ್ಲಿ ಅದಕ್ಕೆ ತಿದ್ದುವುದಿಲ್ಲ ಎಂದರ್ಥ. ಶ್ರೀನಿವಾಸರ ಕನ್ನಡದಲ್ಲಿ ತಿದ್ದುವ ಹಾಗಿಲ್ಲ ಎಂದರ್ಥ. ಈ ಒಂದು ಮಾತಿನಲ್ಲಿ ಮಾತ್ರ ಎರಡು ಸೀಮೆಗೂ ವ್ಯತ್ಯಾಸವಿರಲಿಲ್ಲ.

ಶಿವಶರಣ ಒಂದು ಹೆಜ್ಜೆ ಮುಂದೆ ಬಂದ. ಒಂದೇ ಮಾತಾಡಬೇಕೆಂಬುದೆಲ್ಲ ಮರೆತೇಹೋಯಿತು. "ಯಾಕ ತಿದ್ದಂಗಿಲ್ರಿ ಸರ್? ತಪ್ಪು ನಮ್ದೇ ಅಂತ ಈಗ ನೀವೇ ಅಂದ್ರಲ್ಲ!"

ಕೆಂಪರಾಜ್ ಹಣೆ ಹಣೆ ಚಚ್ಚಿಕೊಂಡ.

"ಕೇಳಿಸ್ತಾ ನಿಮ್ಗೆ?" ಎಂದರು ಶ್ರೀನಿವಾಸ್.

"ಇಲ್ರಿ, ತುಟಿ ನೋಡಿ..."

"ಮತ್ತೆ ಉತ್ತರ! ಕೇಳಿಸ್ತಿದೆ ಕಣ್ರೀ ಇವ್ರಿಗೆ. ಇಷ್ಟೊತ್ತೂ ನಾಟಕ ಆಡ್ತಿದ್ರಾ?"

"ಸಾರ್, ಸರ್ಟಿಫಿಕೇಟು..." ಎಂದ ಕೆಂಪರಾಜ್.

"ಅದು ಕಾಗದ ಸ್ವಾಮಿ. ಇದು ನಾನು ಕಣ್ಣಾರೆ ಕಂಡಿದ್ದು."

ಶ್ರೀನಿವಾಸರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೆಮ್ಮದಿಯಿತ್ತು. ತಪ್ಪು ಈಗ ಅವರದಾಗಿ ಉಳಿದಿರಲಿಲ್ಲ. ಮಾಸ್ಕು ಮೇಲೆಳೆದುಕೊಂಡು ಕೇಳಿದರು, "ಫಹ್ಮಿದಾ, ಷರಾ ಬರೆಯೋ ಜಾಗ ಓಪನ್ ಆಗುತ್ತೇನಮ್ಮಾ?"

"ಅದೊಂದು ಆಗುತ್ತೆ ಸರ್. ತಿದ್ದಂಗಿಲ್ಲ, ಸೇರಿಸ್ಬಹುದು."

ಅವಳು ಸೇರಿಸಿದಳು. 'ಅಭ್ಯರ್ಥಿಗೆ ಚೆನ್ನಾಗಿ ಕೇಳುತ್ತದೆ.'

ವಾಪಸು ಬರುವಾಗ ಕೆಂಪರಾಜ್ ದಾರಿಯುದ್ದಕ್ಕೂ ಬೈಯುತ್ತಿದ್ದ. ಈಗ ಹಿಂದೆ ತಿರುಗುವಷ್ಟು ಪ್ರೀತಿಯೂ ಉಳಿದಿರಲಿಲ್ಲ. ಆದರೆ ಸ್ಕೂಟರಿನ ಕನ್ನಡಿಯಲ್ಲಿ ಅವನ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು. 'ಒಂದೇ ಒಂದು ಮಾತು ಹೇಳಿಕೊಟ್ಟಿದ್ದೆ. ಕೇಳಿದ್ಯಾ? ನನ್ ಮಾತು ಕೇಳಿದ್ಯಾ?'

"ಕೇಳಂಗಿಲ್ರಿ ಅಣ್ಣಾರ" ಎಂದು ಶಿವಶರಣ ಕಣ್ಣು ಮುಚ್ಚಿಕೊಂಡ.

ತುಟಿಯೂ ಹೋಯಿತು, ಕನ್ನಡಿಯೂ ಹೋಯಿತು. ಹಲಸೂರಿನ ಆ ಹಾರ್ನುಗಳ ನಡುವೆ ಅವನಿಗೆ ನಿಜವಾಗಿಯೂ ಏನೂ ಕೇಳಿಸಲಿಲ್ಲ. ಆಗ ಅವನು ಆ ಅನುದಾನಕ್ಕೆ ಪೂರ್ತಿ ಅರ್ಹನಾಗಿದ್ದ. ಬರೆದುಕೊಳ್ಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.