ಹೊಗೆರಹಿತ ಭೋಗಿಗಾಗಿ ಟೈರು ಸುಡುವ ಬಗ್ಗೆ

ಇಲಾಖಾ ಕಚೇರಿ (ಹೊಗೆ ಮತ್ತು ಪ್ರಚಾರ ಶಾಖೆ), ಚೆನ್ನೈ
ಸಂಖ್ಯೆ: ಹೊಪ್ರ/ಟೈರು/412/2002–03
ದಿನಾಂಕ: 30.12.2002

ಸುತ್ತೋಲೆ

ವಿಷಯ: ಭೋಗಿ ಹಬ್ಬದಂದು ಟೈರು ಸುಡಬಾರದೆಂಬ ಜಾಗೃತಿ ಮೂಡಿಸಲು ಪಲ್ಲಾವರಂನಲ್ಲಿ ಟೈರು ಸುಡುವ ಕಾರ್ಯಕ್ರಮ.

ಉಲ್ಲೇಖ:
(ಅ) ಕಳೆದ ಭೋಗಿಯಂದು ಸಾರ್ವಜನಿಕರಿಂದ 412 ಹಳೆಯ ಟೈರುಗಳನ್ನು ವಶಪಡಿಸಿಕೊಂಡ ಆದೇಶ.
(ಆ) ಕಳೆದ ಸಲದ ಹೊಗೆ ತೆರೆಯ ಮೇಲೆ ಏನೇನೂ ಸಾಲಲಿಲ್ಲವೆಂದು ಟಿ.ವಿ. ವಾಹಿನಿಯೊಂದು ಬರೆದ ಪತ್ರ.
(ಇ) ಪಲ್ಲಾವರಂ ನಿವಾಸಿ ಶ್ರೀಮತಿ ಕಲ್ಯಾಣಮ್ಮನವರ ಅರ್ಜಿ (ಒಂಬತ್ತನೆಯದು).

ಪ್ರಸ್ತಾವನೆ:

ಪೊಂಗಲ್ ಹಬ್ಬದ ಮುನ್ನಾದಿನವಾದ ಭೋಗಿಯ ನಸುಕಿನಲ್ಲಿ ಹಳೆಯ ಚಾಪೆ, ಪೊರಕೆಗಳ ಜೊತೆಗೆ ಟೈರನ್ನೂ ಸುಡುವ ವಾಡಿಕೆ ನಗರದಲ್ಲಿ ಬೆಳೆದಿದ್ದು, ಹೊಗೆಯಿಂದಾಗಿ ವಿಮಾನಗಳಿಗೆ ಇಳಿಯುವ ಜಾಗ ಕಾಣದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಮನುಷ್ಯರಿಗೆ ಉಸಿರಾಡಲು ಆಗದಿರುವುದು ಗಮನಕ್ಕೆ ಬರುವ ಹಂತದಲ್ಲಿರುತ್ತದೆ.

ವಶಪಡಿಸಿಕೊಂಡ ಟೈರುಗಳನ್ನು ಎಲ್ಲಿಡಬೇಕೆಂದು ನಿಯಮಗಳಲ್ಲಿ ಹೇಳಿಲ್ಲವಾದ್ದರಿಂದ, ಅವುಗಳನ್ನು ಒಂದು ಖಾಲಿ ನಿವೇಶನದಲ್ಲಿ, ಶ್ರೀಮತಿ ಕಲ್ಯಾಣಮ್ಮನವರ ಮನೆಯ ಗೋಡೆಗೆ ಒರಗಿಸಿ ಪೇರಿಸಲಾಗಿದೆ. ಸದರಿಯವರ ಆರು ವರ್ಷದ ಮೊಮ್ಮಗಳು ಕುಮಾರಿ ಶಿವರಂಜನಿಗೆ ಉಬ್ಬಸವಿದ್ದು, ಟೈರುಗಳನ್ನು ಅಲ್ಲಿ ಸುಡದೆ ಬೇರೆಡೆಗೆ ಸಾಗಿಸಬೇಕೆಂದು ಕೋರಿರುತ್ತಾರೆ. ಅರ್ಜಿಯು ಕನ್ನಡದಲ್ಲಿರುವ ಕಾರಣ ಈ ಸುತ್ತೋಲೆಯನ್ನೂ ಕನ್ನಡದಲ್ಲಿ ಹೊರಡಿಸಲಾಗಿದೆ. ಅರ್ಜಿಯ ಪ್ರಸ್ತುತ ಭಾಗ ಇಂತಿದೆ:

“ಸ್ವಾಮಿ, ಸುಡಬೇಡಿ ಅಂತ ಮೈಕಲ್ಲಿ ಕೂಗೋರೂ ನೀವೇ, ಟೈರ್ ತಂದು ನಮ್ಮ ಗೋಡೆಗೆ ಪೇರಿಸಿದೋರೂ ನೀವೇ, ಈಗ ಸುಡೋರೂ ನೀವೇನಾ? ಹೋದ ಭೋಗಿಗೆ ಮೂರು ಟೈರ್ ಸುಟ್ಟು ಫೋಟೋ ಹಿಡಿಸ್ಕೊಂಡು ಹೋದ್ರಿ. ನಮ್ಮ ಹುಡುಗಿ ಉಸಿರಾಡಕ್ಕಾಗ್ತಿಲ್ಲ ಅಂತ ತಮಿಳಲ್ಲಿ ‘ಮುಡಿಯಲೆ ಅಜ್ಜಿ, ಮುಡಿಯಲೆ’ ಅನ್ಕೊಂಡು ನನ್ನ ಸೆರಗು ಹಿಡ್ಕೊಂಡಿತ್ತು, ತುಟಿ ನೀಲಿ ಆಗೋಗಿತ್ತು. ಆಟೋ ಸಿಗೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಒಂದು ಲಾರಿ ಕಳಿಸಿ, ಎತ್ಕೊಂಡು ಹೋಗಿ. ನಿಮ್ಮ ದಮ್ಮಯ್ಯ, ಇನ್ನೇನೂ ಬೇಡ.”

ಇದನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಕಾರ್ಯಕ್ರಮವು ಜನಮನ ಮುಟ್ಟಿರುವುದಕ್ಕೆ ಇದು ಉತ್ತಮ ಸಾಕ್ಷಿಯೆಂದು ಕಡತದಲ್ಲಿ ದಾಖಲಿಸಿಕೊಳ್ಳಲಾಗಿದೆ. ಲಾರಿಯ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿದ್ದು, ಸದರಿ ಕಡತ ಸಿಗುತ್ತಿಲ್ಲ. ಆದ್ದರಿಂದ ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಸಾರ್ವಜನಿಕರು ಟೈರು ಸುಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಇಲಾಖೆಯು ಸುಡುವ ಟೈರನ್ನು ‘ಮಾದರಿ’ ಎಂದೂ, ಅದರಿಂದ ಏಳುವುದನ್ನು ‘ಮಾಹಿತಿ’ ಎಂದೂ ಪರಿಗಣಿಸತಕ್ಕದ್ದು.

2. ಉಲ್ಲೇಖ (ಆ)ರಂತೆ, ಈ ಸಾಲಿನಲ್ಲಿ ಮೂರರ ಬದಲು ನಲವತ್ತು ಟೈರುಗಳನ್ನು ಸುಡಲಾಗುವುದು. ತೆರೆಯ ಬಲ ಮೂಲೆಯಲ್ಲಿ ವಾಹಿನಿಯ ಲಾಂಛನವಿರುವುದರಿಂದ ಹೊಗೆಯು ಎಡಕ್ಕೇ ಹೋಗತಕ್ಕದ್ದು. ಎಡಕ್ಕೆ ಅರ್ಜಿದಾರರ ಅಡುಗೆಮನೆಯ ಕಿಟಕಿ ಇರುವುದನ್ನು ಗಮನಿಸಲಾಗಿದೆ.

3. ನೆರೆಹೊರೆಯವರು ಕ್ಯಾಮೆರಾ ಚಾಲೂ ಆದ ನಂತರವಷ್ಟೇ ಕೆಮ್ಮತಕ್ಕದ್ದು. ಮುಂಚಿತವಾಗಿ ಕೆಮ್ಮಿ ಮುಗಿಸಿದವರಿಗೆ ಎರಡನೆಯ ಅವಕಾಶವಿರುವುದಿಲ್ಲ. ಬಾಡಿಗೆದಾರರು ಮಾಲೀಕರ ನಂತರ ಕೆಮ್ಮತಕ್ಕದ್ದು.

4. ಇಲಾಖೆಯ ‘ಹೊಗೆಯಿಲ್ಲದ ಭೋಗಿ’ ಚಿತ್ರಕಲಾ ಸ್ಪರ್ಧೆಯಲ್ಲಿ ಸದರಿ ಕುಮಾರಿ ಶಿವರಂಜನಿಗೇ ಪ್ರಥಮ ಬಹುಮಾನ ಬಂದಿರುತ್ತದೆ. ಚಿತ್ರದಲ್ಲಿ ನೀಲಿ ಆಕಾಶವೂ, ಬೀದಿಯಲ್ಲಿ ಭೋಗಿ ಮೇಳವೆಂಬ ಪುಟ್ಟ ಡೋಲು ಬಾರಿಸುತ್ತಿರುವ ಮಕ್ಕಳೂ ಇದ್ದು, ಹೊಗೆಯೇ ಇಲ್ಲದ ಕಾರಣ ಸಮಸ್ಯೆ ಏನೆಂದು ಜನರಿಗೆ ತಿಳಿಯುವುದಿಲ್ಲವೆಂದು ತೀರ್ಪುಗಾರರು ಆಕ್ಷೇಪಿಸಿರುತ್ತಾರೆ. ಆದ ಕಾರಣ ಇಲಾಖೆಯ ಕಲಾವಿದರಿಂದ ಕಪ್ಪು ಹೊಗೆಯನ್ನು ಸೇರಿಸಿ ಹತ್ತು ಸಾವಿರ ಪೋಸ್ಟರುಗಳನ್ನು ಮುದ್ರಿಸಲಾಗಿದೆ. ಮಕ್ಕಳು ಕಾಣಿಸುತ್ತಿಲ್ಲವೆಂಬ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ. ಉಳಿದ ಪೋಸ್ಟರುಗಳನ್ನು ಟೈರಿಗೆ ಬೆಂಕಿ ಹಿಡಿಸಲು ಬಳಸತಕ್ಕದ್ದು.

5. ಬಹುಮಾನದ ರೂಪದಲ್ಲಿ ಮೊದಲ ಟೈರಿಗೆ ಬೆಂಕಿ ಹಚ್ಚುವ ಗೌರವವನ್ನು ಸದರಿ ಮಗುವಿಗೆ ನೀಡಲಾಗಿತ್ತು. ಮೂಗಿಗೆ ಬಟ್ಟೆ ಕಟ್ಟಿದರೆ ತೆರೆಯ ಮೇಲೆ ಮುಖ ಕಾಣುವುದಿಲ್ಲವೆಂದು ಆಹ್ವಾನ ಪತ್ರಿಕೆಯಲ್ಲೇ ವಿನಯದಿಂದ ತಿಳಿಸಲಾಗಿತ್ತು. ಅದೇ ಪತ್ರಿಕೆಯ ಬೆನ್ನಿನಲ್ಲಿ ಅಜ್ಜಿಯವರು ಹೀಗೆ ಬರೆದು ಹಿಂದಿರುಗಿಸಿರುತ್ತಾರೆ: “ನಮ್ಮ ಮಗು ಬರಲ್ಲ. ನಾಚಿಕೆ ಆಗಲ್ವಾ ನಿಮಗೆ? ಬೇಕಿದ್ರೆ ನಿಮ್ಮ ಮಕ್ಕಳನ್ನ ನಿಲ್ಲಿಸ್ಕೊಳ್ಳಿ.”

6. ಮೇಲ್ಕಂಡ ಸಲಹೆಯನ್ನು ಇಲಾಖೆ ಸ್ವಾಗತಿಸುತ್ತದೆ. ಆದರೆ ಪರಿಶೀಲಿಸಲಾಗಿ, ಶಾಖೆಯ ಹದಿನಾಲ್ಕು ಅಧಿಕಾರಿಗಳೂ ಭೋಗಿಯ ಹೊಗೆ ಮಕ್ಕಳ ಆರೋಗ್ಯಕ್ಕೆ ಹಾನಿಕರವೆಂಬ ಕಾರಣ ನೀಡಿ, ಸಂಸಾರ ಸಮೇತ ಊರು ಬಿಡಲು ರಜೆ ಕೋರಿರುವುದು ಕಂಡುಬಂದಿದೆ. ಕಾರಣವು ವೈಜ್ಞಾನಿಕವಾಗಿರುವುದರಿಂದ ರಜೆ ಮಂಜೂರಾಗಿದೆ. ಇದನ್ನು ತಿಳಿದ ವಾಹನ ಚಾಲಕರು ಮತ್ತು ಕಾವಲುಗಾರರು ಸಹ ರಜೆ ಕೋರಿದ್ದು, ತಾರತಮ್ಯವಾಗಬಾರದೆಂದು ಅವರಿಗೂ ನೀಡಲಾಗಿದೆ.

7. ಪರಿಣಾಮವಾಗಿ ಬೆಂಕಿ ಹಚ್ಚಲು ಇಲಾಖೆಯಲ್ಲಿ ಯಾರೂ ಲಭ್ಯರಿಲ್ಲ. ವಾಹಿನಿಯ ವ್ಯಾನು ಬೆಳಿಗ್ಗೆ ಐದೂವರೆಗೆ ಬರುವುದು ನಿಶ್ಚಯವಾಗಿರುವ ಕಾರಣ ಕಾರ್ಯಕ್ರಮವನ್ನು ರದ್ದುಪಡಿಸಲೂ ಬರುವುದಿಲ್ಲ. ಅಂದು ಸ್ಥಳದಲ್ಲಿ ಖಚಿತವಾಗಿ ಇರುವವರು ಶ್ರೀಮತಿ ಕಲ್ಯಾಣಮ್ಮನವರೊಬ್ಬರೇ ಆಗಿದ್ದು, ಟೈರುಗಳೂ ಅವರ ಗೋಡೆಗೇ ಒರಗಿರುವುದರಿಂದ, ಅವರೇ ಬೆಂಕಿ ಹಚ್ಚತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಟೈರುಗಳು ಅಲ್ಲಿರಬಾರದೆಂಬ ಅವರ ಕೋರಿಕೆ ಇದರಿಂದ ನಲವತ್ತು ಟೈರುಗಳ ಮಟ್ಟಿಗೆ ತಾನಾಗಿಯೇ ಈಡೇರುವುದರಿಂದ, ಒಂಬತ್ತೂ ಅರ್ಜಿಗಳನ್ನು ಪುರಸ್ಕರಿಸಿ ಮುಕ್ತಾಯಗೊಳಿಸಲಾಗಿದೆ.

ಸಹಿ/-
(ಹರಿಹರ)
ಉಪನಿರ್ದೇಶಕರು, ಹೊಗೆ ಮತ್ತು ಪ್ರಚಾರ
(ರಜೆಯ ಮೇಲೆ)

ಪ್ರತಿಗಳು:
1. ವಾಹಿನಿಯ ಸುದ್ದಿ ಸಂಪಾದಕರಿಗೆ – ಹೊಗೆ ಖಾತ್ರಿಯಿದೆಯೆಂಬ ಮಾಹಿತಿಗಾಗಿ.
2. ವಿಮಾನ ನಿಲ್ದಾಣದ ಅಧಿಕಾರಿಗಳಿಗೆ – ಅಂದು ವಿಮಾನಗಳು ಮೇಲೆಯೇ ಇದ್ದು ಸಹಕರಿಸಲು ಕೋರಿ.
3. ಕಚೇರಿಯ ಸೂಚನಾ ಫಲಕಕ್ಕೆ – ಓದಲು ಯಾರೂ ಇಲ್ಲದಿದ್ದರೂ ಅಂಟಿಸತಕ್ಕದ್ದು.
4. ಶ್ರೀಮತಿ ಕಲ್ಯಾಣಮ್ಮ, ಪಲ್ಲಾವರಂ – ಅಗತ್ಯ ಕ್ರಮಕ್ಕಾಗಿ. ಲಗತ್ತು: ಬೆಂಕಿಪೊಟ್ಟಣ, ಒಂದು. ಉಳಿದ ಕಡ್ಡಿಗಳನ್ನು ಇಲಾಖೆಗೆ ಹಿಂದಿರುಗಿಸತಕ್ಕದ್ದು.