ಹುಬ್ಬಳ್ಳಿಯ ಕೋಣೆಗೆ ‘ಬೇಡ’ ಎಂದದ್ದು

ಕೇಳಿದ ಕೂಡಲೇ ‘ಬೇಕು’ ಎನ್ನುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಮ್ಮ ಬಂಟ್ವಾಳದ ಕಡೆ ಯಾರ ಮನೆಗೆ ಹೋದರೂ ‘ಬಾಯಾರಿಕೆಗೆ ಏನು?’ ಎಂದು ಕೇಳುತ್ತಾರೆ. ‘ಏನೂ ಬೇಡ, ಈಗಷ್ಟೇ ಕುಡಿದು ಬಂದೆ’ ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ, ನಾವು ಮತ್ತೆ ಬೇಡ ಎನ್ನುತ್ತೇವೆ. ಕೊನೆಗೆ ‘ನಿಮ್ಮ ಒತ್ತಾಯಕ್ಕೆ ಅರ್ಧ ಲೋಟ’ ಎಂದು ಒಪ್ಪಿ, ತುಂಬಿದ ಲೋಟವನ್ನೇ ಖಾಲಿ ಮಾಡುತ್ತೇವೆ. ಬೆಳ್ತಂಗಡಿಯ ನನ್ನ ದೊಡ್ಡಮ್ಮನಂತೂ ಬೇಡ ಎಂದಷ್ಟೂ ಸಕ್ಕರೆ ಹೆಚ್ಚು ಹಾಕುವವರು. ಈ ಪದ್ಧತಿ ಘಟ್ಟದ ಮೇಲೂ ನಡೆಯುತ್ತದೆ ಎಂದು ನಂಬಿದ್ದಕ್ಕೆ ನಾನು ಇವತ್ತಿಗೂ ಮರುಗುತ್ತಿದ್ದೇನೆ.

ನಾನು ಓದಿದ್ದು ಕುಡಿಯುವ ನೀರಿನ ಪರೀಕ್ಷೆಯ ಬಗ್ಗೆ. ಹುಬ್ಬಳ್ಳಿಯ ಒಂದು ಕಂಪನಿಗೆ ತಿಂಗಳಲ್ಲಿ ಹದಿನೈದು ದಿನ ಅಲ್ಲಿದ್ದು ಸಲಹೆ ಕೊಡುವವರು ಬೇಕಿತ್ತು. ‘ಸಲಹೆ ಕೊಡಲಿಕ್ಕೆ ಅಷ್ಟು ದೂರ ಯಾಕೆ? ಇಲ್ಲೇ ವಾಮದಪದವಿನ ಪೇಟೆಯಲ್ಲಿ ನಿಂತರೆ ಸಾಲದಾ? ಅಲ್ಲಿ ಎಲ್ಲರೂ ಅದನ್ನೇ ಮಾಡುವುದು’ ಎಂದರು ಅಮ್ಮ. ನನ್ನ ನಿಜವಾದ ಆಸೆಯನ್ನು ನಾನು ಅವರಿಗೆ ಹೇಳಲಿಲ್ಲ. ಹುಟ್ಟಿದಂದಿನಿಂದ ಅಕ್ಕನ ಜೊತೆ ಒಂದೇ ಕೋಣೆ, ಆಮೇಲೆ ಹಾಸ್ಟೆಲು, ಅಕ್ಕ ಮೂಡುಬಿದಿರೆಗೆ ಮದುವೆಯಾಗಿ ಹೋದ ಮೇಲೆ ಆ ಕೋಣೆ ಬಂದುಹೋಗುವ ನೆಂಟರದ್ದು. ಒಳಗಿನಿಂದ ಚಿಲಕ ಹಾಕಿಕೊಂಡು ಸುಮ್ಮನೆ ಕೂರಬಹುದಾದ, ನನ್ನದೇ ಒಂದು ಕೋಣೆ ನನಗೆ ಬೇಕಿತ್ತು.

ಸಂದರ್ಶನ ಲ್ಯಾಪ್‌ಟಾಪಿನಲ್ಲೇ ಚೆನ್ನಾಗಿ ನಡೆಯಿತು. ಕೊನೆಗೆ ಅಲ್ಲಿನ ಮ್ಯಾನೇಜರರು ಕೇಳಿದರು: ‘ಇರಾಕ ಮನಿ ಬಾಡಿಗಿ, ಬಸ್ಸಿನ ಖರ್ಚು ಏನಾರ ಕೊಡಬೇಕೇನ್ರಿ ಮೇಡಮ್?’

‘ಬೇಡ ಬೇಡ, ಪರವಾಗಿಲ್ಲ ಸರ್.’

‘ಭಾಳ ಚಲೋ ಆತ್ರಿ!’

ಎರಡನೆಯ ಸಲ ಕೇಳುತ್ತಾರೆಂದು ಮುಖದಲ್ಲಿ ನಗು ಇಟ್ಟುಕೊಂಡು ಕಾದೆ. ಪರದೆ ಕಪ್ಪಾಯಿತು.

ಆಮೇಲೆ ಲೆಕ್ಕಕ್ಕೆ ಕುಳಿತೆ. ಕೋಣೆ ಹಿಡಿದರೆ ಬಾಡಿಗೆ, ಮುಂಗಡ, ಬಸ್ಸು ಎಲ್ಲ ಕಳೆದು ಉಳಿಯುವುದು ಸಂಬಳವಲ್ಲ, ಚಿಲ್ಲರೆ. ಕೋಣೆ ಬೇಡವೆಂದು ಕೆಲಸದ ದಿನಗಳಲ್ಲೆಲ್ಲ ರಾತ್ರಿ ಬಸ್ಸಿನಲ್ಲೇ ಓಡಾಡಿದರೆ ದುಡ್ಡು ಉಳಿಯುತ್ತದೆ, ಬೆನ್ನು ಉಳಿಯುವುದಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕದ್ದು ಮೂಡುಬಿದಿರೆಯಿಂದ ಫೋನಿಲ್ಲದೆಯೂ ಕೇಳುವಂತಿತ್ತು. ‘ನೀನು ಎಂಥದು ಮಾರಾಯ್ತಿ, ಅವರೇನು ನಿನಗೆ ಚಾ ಕೊಡ್ಲಿಕ್ಕೆ ಕೂತದ್ದಾ? ಈಗಲೇ ಫೋನ್ ಮಾಡಿ ಕೇಳು. ನಾಚಿಕೆಗೆ ಯಾರೂ ಬಾಡಿಗೆ ಕೊಡುವುದಿಲ್ಲ.’

ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಕೊನೆಗೂ ಫೋನ್ ಮಾಡಿದೆ. ಮ್ಯಾನೇಜರರಿಗೆ ಸ್ವಲ್ಪವೂ ಬೇಸರವಾಗಲಿಲ್ಲ. ‘ಮೊದಲ ಹೇಳಬಾರದೇನ್ರಿ? ಕೊಡೂಣಂತ. ಬಾಡಿಗಿ ಪೂರಾ ಬೇಕೋ, ಅರ್ಧಾ ಸಾಕೋ?’ ಇಷ್ಟು ಸರಳವಾದ ಪ್ರಶ್ನೆಯನ್ನು ನನಗೆ ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಪೂರ್ತಿ ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು, ‘ಅರ್ಧ ಸಾಕು ಸರ್.’

ಅರ್ಧ ಬಾಡಿಗೆಗೆ ಸಿಗುವುದು ಅರ್ಧ ಕೋಣೆ. ಇನ್ನರ್ಧದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ವಿಜಯಪುರದ ಹುಡುಗಿ ಇದ್ದಾಳೆ. ಒಳ್ಳೆಯವಳು. ನಾನು ಬಂದ ದಿನವೇ ‘ಕಿಟಕಿ ಕಡಿ ಮಂಚ ನಂದು’ ಎಂದಳು, ಮಲಗಿದಳು. ಫೋನಿನಲ್ಲಿ ತಾಯಿಯೊಡನೆ ಮನಸಾರೆ ಜಗಳವಾಡುತ್ತಾಳೆ, ಚಳಿಯಲ್ಲೂ ಫ್ಯಾನನ್ನು ಪೂರ್ತಿ ತಿರುಗಿಸುತ್ತಾಳೆ. ಚಿಲಕ ಇದೆ, ಆದರೆ ಅವಳು ಯಾವಾಗ ಬರುತ್ತಾಳೋ ಗೊತ್ತಿಲ್ಲದ್ದರಿಂದ ಹಾಕುವಂತಿಲ್ಲ. ಹಗಲು ಆಫೀಸಿನಲ್ಲಿ ನಾನು ಯಾರ ಮುಲಾಜಿಗೂ ಬಗ್ಗದೆ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂದು ವರದಿ ಬರೆದು ಸಹಿ ಹಾಕುತ್ತೇನೆ. ಸಂಜೆ ಕೋಣೆಗೆ ಬಂದು, ಫ್ಯಾನ್ ಒಂಚೂರು ಕಡಿಮೆ ಮಾಡಿ ಎನ್ನಲಾರದೆ, ತಲೆಯವರೆಗೆ ಹೊದಿಕೆ ಎಳೆದುಕೊಳ್ಳುತ್ತೇನೆ.