ಮಾವ, ಸ್ವಲ್ಪ ಆ ಕಡೆ

ಬೀಡಿ ಹೊಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಸೇದೋರದ್ದಷ್ಟೇ ಅಲ್ಲ, ಪಕ್ಕದಲ್ಲಿ ಕೂತೋರ ಎದೆಯೂ ಹಾಳಾಗುತ್ತೆ ಅಂತ ಹಳ್ಳಿಹಳ್ಳಿಗೆ ಹೋಗಿ ಗಂಟಲು ಹರಿಯೋ ಹಾಗೆ ಹೇಳೋ ನರ್ಸಮ್ಮ ನಾನು. ಸೇದೋರ ಜೊತೆ ಜಗಳ ಆಡೋದು ನನಗೇನೂ ಹೊಸದಲ್ಲ. ಆದರೆ ಸೇದೋರೇ ಇಲ್ಲದೆ ಬರೋ ಹೊಗೆಯ ಜೊತೆ ಹ್ಯಾಗೆ ಜಗಳ ಆಡಬೇಕು ಅಂತ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ನನ್ನ ಹಣೆಬರಹ, ಅಂಥವೇ ನನಗೆ ಗಂಟು ಬೀಳುತ್ತವೆ.

ಹಿಂದಿನ ಸೀಟು

ನನ್ನ ಕೆಲಸ ಶಿಕಾರಿಪುರದ ಕಡೆ, ಗಂಡನ ಮನೆ ಜಡೆ ಅನ್ನೋ ಊರು. ಒಂದು ಸಂಜೆ ಸೊರಬದ ಬಸ್ಸಿನಲ್ಲಿ ಬರ್ತಾ ಇದ್ದೆ. ಬಸ್ಸು ಊರು ದಾಟಿದ್ದೇ ತಡ, ಹಿಂದಿನಿಂದ ಬೀಡಿ ವಾಸನೆ ಗಮ್ ಅಂತ ಬಂತು. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಮನುಷ್ಯ ಒಬ್ಬನೇ ಕೂತಿದ್ದ. ಅಷ್ಟು ಸಾಕಾಯಿತು ನನಗೆ. ಮಕ್ಕಳು ಮರಿ ಇರೋ ಬಸ್ಸಿನಲ್ಲಿ ಸೇದ್ತೀಯಲ್ಲ, ನಾಚಿಕೆ ಆಗಲ್ವಾ ಅಂತ ಶುರು ಮಾಡಿದೆ. ನಾನು ಬಾಯಿ ತೆಗೆದ ಮೇಲೆ ಇಡೀ ಬಸ್ಸಿಗೆ ಧೈರ್ಯ ಬಂತು. ಇಂಥೋರನ್ನ ಇಳಿಸಬೇಕು ಅಂದರು ಒಬ್ಬರು. ಇವರಿಗೆ ಹೆಣ್ಣು ಕೊಡಬಾರದು ಅಂದರು ಇನ್ನೊಬ್ಬರು. ಅವನು ಪಾಪ ಎರಡೂ ಕೈ ತೋರಿಸಿದ, ಜೇಬು ತೋರಿಸಿದ, ಬಾಯಿ ತೆಗೆದೂ ತೋರಿಸಿದ. ಕೊನೆಗೆ ಅವಮಾನ ತಾಳಲಾರದೆ ಮುಂದಿನ ಸ್ಟಾಪಿನಲ್ಲೇ ಇಳಿದು ಹೋದ.

ವಾಸನೆ ಇಳಿಯಲಿಲ್ಲ. ಖಾಲಿ ಸೀಟಿನ ಮೇಲೆ ತೆಳ್ಳಗೆ ಹೊಗೆ ಸುತ್ತುತ್ತಾ ಇತ್ತು.

ಕಂಡಕ್ಟರ್ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದ: "ಅವನನ್ನ ಸುಮ್ನೆ ಬೈದ್ರಿ ಅಕ್ಕಾರೆ. ಅಲ್ಲಿ ಒಬ್ರು ಅಜ್ಜ ದಿನಾ ಕೂರ್ತಿದ್ರು. ಹೋಗಿ ವರ್ಷ ಆತು, ಬರೋದು ಬಿಟ್ಟಿಲ್ಲ."

ಅವರನ್ನ ಟಿಕೆಟ್ ಕೇಳಿದ್ದೀಯಾ ಅಂತ ಯಾಕೆ ಕೇಳಿದೆನೋ ಗೊತ್ತಿಲ್ಲ, ಕೇಳಿಬಿಟ್ಟೆ.

"ಒಂದ್ಸಲ ಕೇಳಿದೆ ರೀ. ಕೆಮ್ಮು ಕೇಳಿಸ್ತು, ರೊಕ್ಕ ಮಾತ್ರ ಬರ್ಲಿಲ್ಲ."

ಮೋಟು ಬೀಡಿ

ಇನ್ನೊಂದು ಸಂಜೆ ಉಡುತಡಿಯಲ್ಲಿ ಒಬ್ಬ ಅಜ್ಜಿಗೆ ಕೆಮ್ಮು ಅಂತ ನೋಡೋಕೆ ಹೋದೆ. ಗಂಡ ಸತ್ತು ಒಬ್ಬಳೇ ಇರೋ ಅಜ್ಜಿ. ಒಳಗೆ ಕಾಲಿಟ್ಟರೆ ಕಿಟಕಿ ಮೇಲೆ ಒಂದು ಬೀಡಿ ಹೊಗೆಯಾಡ್ತಾ ಇದೆ! ಈ ವಯಸ್ಸಿನಲ್ಲಿ ನಿನಗಿದು ಬೇಕಾ ಅಜ್ಜಿ ಅಂತ ರೇಗಿದೆ. ಅಜ್ಜಿ ನಕ್ಕಳು. ಅವಳು ಸೇದೋದಲ್ಲವಂತೆ. ಮನೆಯಲ್ಲಿ ಗಂಡಸಿದ್ದಾನೆ ಅಂತ ದಾರೀಲಿ ಹೋಗೋರಿಗೆ ಗೊತ್ತಾಗಲಿ, ಕಳ್ಳರು ಬರದಿರಲಿ ಅಂತ ಸಂಜೆಯಾದರೆ ಒಂದು ಹಚ್ಚಿ ಇಡ್ತಾಳಂತೆ.

ಉಪಾಯವೇನೋ ಚೆನ್ನಾಗಿದೆ, ಆದರೆ ಆ ಹೊಗೆ ಹೋಗೋದು ನಿನ್ನ ಎದೆಗೇ ಅಲ್ವಾ ಅಂದೆ. ಅಜ್ಜಿ ನಿನ್ನೆಯ ಮೋಟು ಬೀಡಿ ತಂದು ನನ್ನ ಅಂಗೈ ಮೇಲಿಟ್ಟಳು. ತುದಿ ಇನ್ನೂ ಒದ್ದೆ ಇತ್ತು. ಮೇಲೆ ಹಲ್ಲಿನ ಗುರುತು.

"ದಿನಾ ಹಿಂಗೇ ಇರ್ತತಿ," ಅಂದಳು. "ನಮ್ಮನೆಯವರಿಗೂ ಕಚ್ಚಿ ಸೇದೋ ಚಟ ಇತ್ತು."

ನಾನು ಬೀಡಿ ಕೆಳಗೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡೆ. ಹಾಗಾದರೆ ಅವರೇ ಇರಬೇಕು ಬಿಡಜ್ಜಿ ಅಂದೆ.

"ನಂಗೂ ಅದೇ ಅನುಮಾನ. ಆದ್ರ ಸಾಯೋ ಹೊತ್ತಿಗೆ ಅವರಿಗೆ ಒಂದು ಹಲ್ಲೂ ಇರ್ಲಿಲ್ಲ. ಅಲ್ಲಿಗೆ ಹೋದಮ್ಯಾಲೆ ಹುಟ್ಟಿರಬೇಕು."

ಬಟ್ಟೆ ಒಗೆಯೋ ಕಲ್ಲು

ಇನ್ನು ನಮ್ಮನೆಯದು. ನಮ್ಮ ಮಾವ ಬೀಡಿ ಬಿಟ್ಟು ಒಂದು ಗಳಿಗೆ ಇರ್ತಿರಲಿಲ್ಲ. ನನ್ನ ಮಗಳಿಗೆ ಉಬ್ಬಸ. ಅವಳು ಉಸಿರಿಗೆ ಒದ್ದಾಡೋದು ನೋಡಿ ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿದೆ: ಮನೆ ಒಳಗಿಲ್ಲ, ಜಗಲಿ ಮೇಲೂ ಇಲ್ಲ, ಅಂಗಳದ ಆ ತುದಿಯ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಸೇದಿ. ಊರವರು ಮುದುಕನನ್ನ ಹೊರಗೆ ಹಾಕಿದಳು ಅಂತ ಆಡಿಕೊಂಡರು. ಆಡಿಕೊಳ್ಳಲಿ. ಮಾವ ಮಾತ್ರ ಹೇಳಿದ ಹಾಗೇ ಕೇಳಿದರು. ಮಳೆಯಾದರೆ ಕೊಡೆ ಹಿಡಿದು ಅಲ್ಲೇ ಕೂರ್ತಿದ್ದರು. ಹೊಗೆ ಮನೆ ಕಡೆ ತಿರುಗಿದರೆ ನಾನು ಒಳಗಿಂದಲೇ "ಮಾವ, ಸ್ವಲ್ಪ ಆ ಕಡೆ" ಅಂತ ಕೂಗ್ತಿದ್ದೆ. ಒಂದು ಸಲ ಕೆಮ್ಮಿ ಆ ಕಡೆ ತಿರುಗಿ ಕೂರ್ತಿದ್ದರು.

ಅವರು ತೀರಿಕೊಂಡ ಮೇಲೆ ಮೊದಲ ಹಿರಿಯರ ಹಬ್ಬ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರೋದು ನಮ್ಮಲ್ಲಿ ಪದ್ಧತಿ. ಅವರು ಬಂದು ಉಂಡ ಮೇಲೆ ನಾವು ಉಣ್ಣೋದು. ಅತ್ತೆ ಕಡುಬು ಮಾಡಿದರು, ಹೊಸ ಪಂಚೆ ಇಟ್ಟರು, ಬೀಡಿ ಹಚ್ಚಿ ಎಲೆಯ ಪಕ್ಕಕ್ಕಿಟ್ಟರು. ಹಚ್ಚದೆ ಇಡಿ ಅಂತ ನಾನಂದೆ. ಕಡ್ಡಿಪೆಟ್ಟಿಗೆ ಅಲ್ಲಿಂದ ತರ್ತಾರಾ ಅಂತ ಅತ್ತೆ ದುರುಗುಟ್ಟಿದರು. ಮಗಳನ್ನ ಎತ್ತಿಕೊಂಡು ಹೊರಗೆ ಬಂದೆ.

ಬಾಗಿಲು ತೆಗೆದು ನೋಡಿದರೆ ಬೀಡಿ ಆರಿತ್ತು. ಎಳೆಯೋರಿಲ್ಲದಿದ್ದರೆ ಬೀಡಿ ತಾನಾಗೇ ಆರುತ್ತೆ ಅತ್ತೆ ಅಂತ ಸಮಾಧಾನ ಹೇಳಿದೆ. ಮತ್ತೆ ಹಚ್ಚಿದರು, ಮತ್ತೆ ಆರಿತು. ಅತ್ತೆ ಎಡೆಯ ಮುಂದೆ ಕುಸಿದು ಕೂತರು. ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ.

"ಮೊದಲ್ನೇ ವರ್ಷ ಬರದೇ ಇದ್ರೆ ಮನೆ ದಾರಿ ಮರೆತೇಹೋಗ್ತದೆ ಅವರಿಗೆ," ಅಂತ ಅಳೋಕೆ ಶುರು ಮಾಡಿದರು. ಮಾವ ಬರೋವರೆಗೂ ತುತ್ತು ಎತ್ತಲ್ಲ ಅಂದರು. ಅಷ್ಟರಲ್ಲಿ ನನಗೇನೋ ಹೊಳೆಯಿತು. ಆ ಬೀಡಿ ಎತ್ತಿಕೊಂಡು ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲಿಟ್ಟು ಹಚ್ಚಿ ಬಂದೆ. ಮಗಳನ್ನ ಮಡಿಲಲ್ಲಿ ಕೂರಿಸಿಕೊಂಡು ಅತ್ತೆ ನಾನು ಇಬ್ಬರೂ ಜಗಲಿ ಮೇಲೆ ಕೂತು ನೋಡ್ತಾ ಇದ್ದೆವು.

ಬೀಡಿಯ ಕೆಂಡ ಫಳ್ ಅಂತ ಕೆಂಪಗಾಯಿತು, ಮಂಕಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಂಪಗಾಯಿತು. ಯಾರೋ ಆರಾಮಾಗಿ ಕೂತು ದಮ್ಮು ಎಳೀತಾ ಇದ್ದರು. ಎಲ್ಲೂ ಗಾಳಿ ಇರಲಿಲ್ಲ, ಆದರೂ ಹೊಗೆ ನೆಟ್ಟಗೆ ಮನೆ ಕಡೆಗೆ, ಮಗಳ ಮುಖದ ಕಡೆಗೇ ಬರ್ತಾ ಇತ್ತು.

ಹೆದರಿಕೆ ಒಂದು ಕಡೆ, ರೂಢಿ ಒಂದು ಕಡೆ. ಬಾಯಿಂದ ತಾನಾಗೇ ಬಂತು: "ಮಾವ, ಸ್ವಲ್ಪ ಆ ಕಡೆ."

ಕಲ್ಲಿನ ಹತ್ತಿರ ಒಂದು ಕೆಮ್ಮು ಕೇಳಿಸಿತು. ಹೊಗೆ ಆ ಕಡೆ ತಿರುಗಿತು.

ನಾನು ಮಗಳನ್ನ ಅವುಚಿಕೊಂಡು ಕೂತಿದ್ದೆ. ಅತ್ತೆ ಮಾತ್ರ ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿ ಎದ್ದರು. ಮುಖದಲ್ಲಿ ಅಳು ಹೋಗಿ ಸಿಟ್ಟು ಬಂದಿತ್ತು.

"ಬದುಕಿರೋವರೆಗೂ ನನ್ನ ಒಂದು ಮಾತು ಕೇಳಿದೋರಲ್ಲ," ಅಂದರು ಕಲ್ಲಿನ ಕಡೆ ಕೈ ಮಾಡಿ. "ಸೊಸೆ ಹೇಳಿದ್ರೆ ಸತ್ತ ಮೇಲೂ ಕೇಳ್ತಾರೆ ನೋಡು! ಬಡಿಸು ನಂಗೆ, ಹೊಟ್ಟೆ ಹಸಿದದೆ."